ವಜ್ರದ ನಾಡು, ತಾಮ್ರದ ನಾಡು

ಆಫ್ರಿಕಾದ ಬೋಟ್ಸ್ವಾನಾ ಮತ್ತು ಜಾಂಬಿಯಾ ನೆರೆಯ ದೇಶಗಳು. ಎರಡಕ್ಕೂ ಕಡಲಿಲ್ಲ, ಎರಡಕ್ಕೂ ಖನಿಜವಿದೆ. 1964ರಲ್ಲಿ ಸ್ವತಂತ್ರವಾದ ಜಾಂಬಿಯಾ ತಾಮ್ರದಿಂದಾಗಿ ಸ್ಥಿತಿವಂತ ದೇಶ. 1966ರಲ್ಲಿ ಸ್ವತಂತ್ರವಾದ ಬೋಟ್ಸ್ವಾನಾ ಆಗ ಕಡುಬಡ ರಾಷ್ಟ್ರ. ಇಂದು ಸ್ಥಿತಿ ಅದಲುಬದಲು.

1967ರಲ್ಲಿ ಬೋಟ್ಸ್ವಾನಾದ ಒರಾಪಾದಲ್ಲಿ ವಜ್ರ ಸಿಕ್ಕಿತು. ಅದೇ ವರ್ಷ ಕಾಯಿದೆಯೊಂದು ಖನಿಜದ ಹಕ್ಕನ್ನು ಬುಡಕಟ್ಟುಗಳಿಂದ ಸರಕಾರಕ್ಕೆ ವರ್ಗಾಯಿಸಿತು. ಒರಾಪಾ ಇದ್ದದ್ದು ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಸ್ವಂತ ಬುಡಕಟ್ಟಿನ ನೆಲದಲ್ಲೇ ಎಂಬುದನ್ನು ಗಮನಿಸಬೇಕು. ತನ್ನವರಿಗೆಂದು ಕೇಳಬಹುದಾದುದನ್ನು ಅವರು ದೇಶಕ್ಕೆ ಬಿಟ್ಟರು. ಮುಂದೆ ಡಿ ಬೀರ್ಸ್ ಕಂಪೆನಿಯೊಡನೆ ಚೌಕಾಸಿ ಮಾಡಿ ಗಣಿಯಲ್ಲಿ ಅರ್ಧ ಪಾಲು ಪಡೆದರು. ಆ ಹಣ ಶಾಲೆ, ರಸ್ತೆ, ಆಸ್ಪತ್ರೆಗಳಿಗೆ ಹೋಯಿತು. 1994ರಲ್ಲಿ ಉಳಿತಾಯಕ್ಕೆಂದು ಪುಲಾ ನಿಧಿಯೂ ಆಯಿತು.

ಜಾಂಬಿಯಾದ ಕೆನೆತ್ ಕೌಂಡಾ ಕೂಡ ಗಣಿಗಳಲ್ಲಿ ಶೇ. 51 ಪಾಲನ್ನು ಸರಕಾರಕ್ಕೆ ತಂದರು. ಆದರೆ 1975ರ ಹೊತ್ತಿಗೆ ತಾಮ್ರದ ಬೆಲೆ ಕುಸಿಯಿತು. ಬೆಲೆ ಮತ್ತೆ ಏರುತ್ತದೆಂದು ಸರಕಾರ ಸಾಲ ಮಾಡುತ್ತಲೇ ಹೋಯಿತು. ಏಕಪಕ್ಷದ ಆಡಳಿತದಲ್ಲಿ ಲೆಕ್ಕ ಕೇಳುವವರು ವಿರಳ. ಮತ್ತೆ ಸಾಲ ಬೆಳೆದು, 2020ರಲ್ಲಿ ದೇಶವು ಸಾಲಪತ್ರಗಳ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು.

ಹಾಗೆಂದು ಬೋಟ್ಸ್ವಾನಾ ನಿಶ್ಚಿಂತವಲ್ಲ. ಅದು ನಂಬಿರುವುದೂ ಒಂದೇ ಕಲ್ಲನ್ನು. ವಜ್ರದ ಬೇಡಿಕೆ ಇಳಿದಿದ್ದ 2024ರಲ್ಲಿ, 58 ವರ್ಷ ಆಳಿದ ಪಕ್ಷವನ್ನು ಜನ ಸೋಲಿಸಿದರು. ಅಧಿಕಾರ ಶಾಂತವಾಗಿಯೇ ಕೈಬದಲಾಯಿತು. ಹೊಸ ಅಧ್ಯಕ್ಷ ಡೂಮಾ ಬೊಕೊ ಅವರಿಗೆ ಸಿಕ್ಕ ಖಜಾನೆ ಮಾತ್ರ ಹಿಂದಿನಷ್ಟು ತುಂಬಿರಲಿಲ್ಲ.