ಬಿಸಿಲಿಗೆ ಹಚ್ಚುವ ಕ್ರೀಮು: ಎಷ್ಟು, ಹೇಗೆ?

ಬೇಸಿಗೆ ಬಂತೆಂದರೆ ಗೃಹಿಣಿಯರಿಗೆ ಮಾಳಿಗೆ ಹತ್ತುವ ಕಾಲ. ಸಂಡಿಗೆ, ಹಪ್ಪಳ, ಶಾವಿಗೆ, ಎಲ್ಲಕ್ಕೂ ಬಿಸಿಲೇ ಬೇಕು. ರಾಯಚೂರು ಸೀಮೆಯಲ್ಲಂತೂ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಕವಿತಾಳದ ಸೋದರಿಯೊಬ್ಬರು ಬರೆದಿದ್ದಾರೆ: “ಅಕ್ಕಾ, ಎರಡನೇ ಬಾಣಂತನ ಆದಮ್ಯಾಗ ಗಲ್ಲಕ್ಕ ಬಂಗು ಬಿದ್ದೈತ್ರಿ. ದಿನಾ ಮುಂಜಾನೆ ಕಡ್ಲಿಕಾಳಿನಷ್ಟು ಸನ್‌ಸ್ಕ್ರೀನ್ ಹಚ್ಚಾಕತ್ತೀನಿ, ಆದ್ರೂ ಕಪ್ಪು ಹೆಚ್ಚಾಗೈತಿ. ನಮ್ಮತ್ತಿ ‘ದಂಡದ ಖರ್ಚು’ ಅಂತಾರ. ಖರೇನ್ರಿ?”

ದಂಡವಲ್ಲ ತಂಗೀ. ಕಡಲೆಕಾಳಿನಷ್ಟು ಸಾಲದು, ಅಷ್ಟೇ. ಟ್ಯೂಬಿನ ಮೇಲಿನ ‘ಎಸ್‌ಪಿಎಫ್’ ಸಂಖ್ಯೆಯನ್ನು ಪ್ರತಿ ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ಹಚ್ಚಿ ಅಳೆದಿರುತ್ತಾರೆ. ಸ್ನೋ ಸವರಿದಂತೆ ತೆಳ್ಳಗೆ ಸವರಿದರೆ ಅಷ್ಟು ರಕ್ಷಣೆ ಸಿಗುವುದಿಲ್ಲ. ಹೀಗೆ ಮಾಡಿ ನೋಡಿ:

1. ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ‘ಬ್ರಾಡ್ ಸ್ಪೆಕ್ಟ್ರಮ್’ ಎಂದು ಬರೆದದ್ದು ಕೊಳ್ಳಿ. ಅವಧಿ ಮುಗಿದದ್ದು ಬೇಡ.

2. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಒಂದೊಂದು ಗೆರೆ ಹಿಂಡಿ. ಮುಖ, ಕಿವಿ, ಕುತ್ತಿಗೆಗೆ ಇಷ್ಟು ಬೇಕೇ ಬೇಕು. ಮೆತ್ತಿದಂತೆನಿಸಿದರೆ ಒಂದು ಗೆರೆ ಹಚ್ಚಿ, ಅದು ಆರಿದ ಮೇಲೆ ಇನ್ನೊಂದು ಹಚ್ಚಿ.

3. ಬಿಸಿಲಿಗೆ ಹೋಗುವ 15-20 ನಿಮಿಷ ಮೊದಲೇ ಹಚ್ಚಿಕೊಳ್ಳಿ. ಮೆಣಸಿನಕಾಯಿ ಒಣಹಾಕುವ ದಿನವಂತೂ ಕಾಯಿ ಮುಟ್ಟುವ ಮೊದಲೇ ಈ ಕೆಲಸ ಮುಗಿಯಲಿ!

4. ಬಿಸಿಲಲ್ಲೇ ಇದ್ದರೆ 2 ಗಂಟೆಗೊಮ್ಮೆ, ಬೆವರು ಒರೆಸಿಕೊಂಡಾಗ ಮತ್ತೊಮ್ಮೆ ಹಚ್ಚಿ.

‘ಹೀಗಾದರೆ ಟ್ಯೂಬು ಎಷ್ಟು ದಿನ ಬಂದೀತು?’ ಎನ್ನುತ್ತೀರಾ? ಬಟ್ಟೆ ಮುಚ್ಚುವ ಕಡೆ ಕ್ರೀಮು ಬೇಡ. ಯಜಮಾನರ ಹಳೆಯ ತುಂಬುತೋಳಿನ ಅಂಗಿ ಮೇಲೆ ತೊಟ್ಟು, ದಟ್ಟ ನೇಯ್ಗೆಯ ಸೆರಗು ಹೊದ್ದುಕೊಳ್ಳಿ. ಉಳಿದ ಕ್ರೀಮು ಮುಖಕ್ಕಾಯಿತು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಯಿತೆಂದರೆ ಬಿಸಿಲು ಕಡುವಾಯಿತೆಂದೇ ಲೆಕ್ಕ. ಸಂಡಿಗೆ ಇಡುವುದನ್ನು ಅಷ್ಟರೊಳಗೆ ಮುಗಿಸಿ. ಕಾಗೆ ಕಾಯಲು ನೆರಳಲ್ಲಿ ಕೂತರಾಯಿತು.

ಒಂದು ಮಾತು. ಈ ಕ್ರೀಮು ಬಂಗನ್ನು ಅಳಿಸುವುದಿಲ್ಲ, ಬಿಸಿಲಿಗೆ ಇನ್ನಷ್ಟು ಕಪ್ಪಾಗದಂತೆ ಕಾಯುತ್ತದೆ. ಬಂಗು ತಿಳಿಯಾಗಲು ತಿಂಗಳುಗಟ್ಟಲೆ ತಾಳ್ಮೆ ಬೇಕು. ಚರ್ಮದ ವೈದ್ಯರಿಗೆ ತೋರಿಸಿ. ಯಾರೋ ಹೇಳಿದರೆಂದು ಅಂಗಡಿಯಿಂದ ಸ್ಟಿರಾಯ್ಡ್ ಮುಲಾಮು ತಂದು ಹಚ್ಚಬೇಡಿ. ಮೊದಮೊದಲು ಮುಖ ಬೆಳ್ಳಗೆ ಕಂಡರೂ ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ. ಕೂಸಿಗೆ ಇನ್ನೂ 6 ತಿಂಗಳಾಗಿರದಿದ್ದರೆ ಅದಕ್ಕೆ ಕ್ರೀಮು ಬೇಡ, ನೆರಳೇ ಸಾಕು.

ಇದನ್ನು ಅತ್ತೆಯವರಿಗೂ ಓದಿ ಹೇಳಿ. ಅವರೂ ಮಾಳಿಗೆ ಹತ್ತುವವರೇ ಅಲ್ಲವೇ?