ಕೆಜಿ ಲೆಕ್ಕದ ದೀಪಲಕ್ಷ್ಮಿ

ಬೆಂಗಳೂರಿನ ಗೃಹಪ್ರವೇಶಗಳಲ್ಲಿ ಈಗೀಗ ದೇವರ ಮನೆಗಿಂತ ಮೊದಲು ತೋರಿಸುವುದು ಹಾಲಿನ ದೀಪವನ್ನು. 'ಆಂಟಿಕ್ ಫ್ರೆಂಚ್ ಸ್ಟೈಲ್' ಅಂತಾರೆ. ಚಿನ್ನದ ಬಣ್ಣದ ಹೆಣ್ಣೊಬ್ಬಳು ಬಲ್ಬು ಎತ್ತಿ ಹಿಡಿದಿರುತ್ತಾಳೆ. ಚಂದದ ವಸ್ತು ಕೊಳ್ಳೋದು ತಪ್ಪಲ್ಲ ಮಾರಾಯ್ರೇ. ನನ್ನ ತಕರಾರು ಬೇರೆ. ಸಾಗರ, ಹೊಸನಗರದ ಕಡೆ ಅಜ್ಜನ ಮನೆ ಖಾಲಿ ಮಾಡುವಾಗ ಅಟ್ಟದ ಮೇಲಿನ ದೀಪಲಕ್ಷ್ಮಿಯನ್ನೂ ಸರಪಳಿ ಸಮೇತ ತೂಗುದೀಪವನ್ನೂ ಗುಜರಿಯವನ ತಕ್ಕಡಿಗೆ ಹಾಕುವವರೂ ನಾವೇ.

ಆ ಫ್ರೆಂಚ್ ದೀಪಕ್ಕೆ ಯಾಕಷ್ಟು ಬೆಲೆ? 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಅದು ಶಿಲ್ಪವಾಗಿಯೇ ಹುಟ್ಟುತ್ತಿತ್ತು. ಕ್ಲೋಡಿಯಾನ್‌ನಂಥ ಶಿಲ್ಪಿಗಳ ಬೊಂಬೆಗಳ ಮಾದರಿಯಲ್ಲಿ ಕಂಚು ಎರಕ ಹೊಯ್ಯುತ್ತಿದ್ದರು. ಹೆಸರಾಂತ ಕಂಚುಗಾರ ತೊಮೀರ್ ಶಿಲ್ಪ ಕಲಿತೇ ಈ ಕೆಲಸಕ್ಕೆ ಬಂದವನು. ಎರಕವನ್ನು ಉಳಿಯಲ್ಲಿ ತಿದ್ದಿ, ಪಾದರಸದಲ್ಲಿ ಬೆರೆಸಿದ ಚಿನ್ನ ಬಳಿದು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತಿತ್ತು. ಆ ವಿಷದ ಹೊಗೆ ಕೆಲಸಗಾರರ ಆಯುಸ್ಸು ತಿಂತಿತ್ತು.

1689ರಲ್ಲಿ 14ನೇ ಲೂಯಿ ಯುದ್ಧದ ಖರ್ಚಿಗಾಗಿ ವರ್ಸೇಲ್ಸ್ ಅರಮನೆಯ ಬೆಳ್ಳಿ ಪೀಠೋಪಕರಣಗಳನ್ನೇ ಕರಗಿಸಿದ. ಬೆಳ್ಳಿಯಾದ್ದರಿಂದ ತೂಕಕ್ಕೇ ಬೆಲೆ ಇತ್ತು. ಕಂಚಿನ ಬೆಲೆ ಇದ್ದದ್ದು ಕೈಕೆಲಸದಲ್ಲಿ. ನಾವು ಕಂಚು, ಹಿತ್ತಾಳೆಯನ್ನೂ ತೂಕಕ್ಕೇ ಹಾಕಿದೆವು!

ದೀಪ ಹಿಡಿದು ನಿಂತ ಹೆಣ್ಣು ನಮಗೆ ಹೊಸಬಳಾ? ದೀಪಲಕ್ಷ್ಮಿ ಮತ್ತಿನ್ಯಾರು? ಅವಳನ್ನು ಎರಕ ಹೊಯ್ದವನ ಹೆಸರು ಯಾರೂ ಬರೆದಿಡಲಿಲ್ಲ, ಅಷ್ಟೇ ವ್ಯತ್ಯಾಸ. ಸಾಗರದ ಗುಡಿಗಾರರ ಗಂಧದ ಕೆತ್ತನೆ ಕೊಳ್ಳುವಾಗ ಕೈಚಳಕ ನೋಡಿ ಕಾಸು ಕೊಡುತ್ತೇವೆ. ಲೋಹ ಅಂದ ಕೂಡಲೇ ತಕ್ಕಡಿ ಯಾಕೆ ನೆನಪಾಗಬೇಕು?

'ಎಲ್ಲಿಡೋದು, ಉಜ್ಜೋರ್ಯಾರು, ಈಗ ಕರೆಂಟಿದೆಯಲ್ಲ' ಅಂತೀರಿ. ಜೋಗದಲ್ಲಿ ಕರೆಂಟು ಹುಟ್ಟಿದ್ದು 1948ರಲ್ಲಿ. ಅದು ದೂರದ ಪೇಟೆಗಳನ್ನು ಬೆಳಗುವಾಗ ಸುತ್ತಲಿನ ಎಷ್ಟೋ ಹಳ್ಳಿಗಳು ಎಣ್ಣೆದೀಪದಲ್ಲೇ ವರ್ಷಗಟ್ಟಲೆ ಕಳೆದವು. ಆ ಮನೆಗಳಲ್ಲಿ ಮಕ್ಕಳು ಓದಿದ್ದು, ಬಾಣಂತನ ಆಗಿದ್ದು ಎಲ್ಲ ದೀಪದ ಬುಡದಲ್ಲೇ. ಇನ್ನು ಫ್ರೆಂಚರ ಹಳೇ ದೀಪಗಳೂ ಮೇಣದಬತ್ತಿಗೆ ಮಾಡಿದವೇ. ಕರೆಂಟು ಬಂದ ಮೇಲೆ ವೈರು ಎಳೆದು ಉಳಿಸಿಕೊಂಡರು. ಬಿಸಾಡಲಿಲ್ಲ.

ಈ ಸಲ ಊರಿಗೆ ಹೋದಾಗ ಅಟ್ಟ ಹತ್ತಿ. ದೀಪ ಯಾವ ಕಾಲದ್ದು, ಯಾರ ತವರಿಂದ ಬಂತು, ಎಲ್ಲಿ ಮಾಡಿಸಿದ್ದು ಅಂತ ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಮಾರಲೇಬೇಕಾದರೆ ಮಾರಿ, ಆದರೆ ದೀಪ ಅಂತ ಮಾರಿ. ಕೆಜಿಗೆ ಎಷ್ಟು ಅಂತ ಕೇಳುವವನಿಗೆ ಮಾತ್ರ ಕೊಡಬೇಡಿ.