ದಾರಿಯೇ ಗುರುತು ಹೇಳಲಿ

ಕ್ಯೂಬಾದ ಮಳೆಕಾಡಿನಲ್ಲಿ ಬೆಳೆಯುವ ಮಾರ್ಕ್‌ಗ್ರೇವಿಯಾ ಇವೆನಿಯಾ ಎಂಬ ಬಳ್ಳಿಯ ಹೂಗೊಂಚಲಿನ ಮೇಲೆ ಬಟ್ಟಲಿನಾಕಾರದ ಎಲೆಯೊಂದಿರುತ್ತದೆ. ಬಿಸಿಲು ಹೀರಲು ಆ ಆಕಾರ ಅಷ್ಟೇನೂ ಅನುಕೂಲಕರವಲ್ಲ. ಆದರೆ ಇರುಳಿನಲ್ಲಿ ಮಕರಂದ ಅರಸಿ ಬರುವ ಬಾವಲಿಯ ಶ್ರವಣಾತೀತ ಕೂಗನ್ನು ಅದು ಹಲವು ಕೋನಗಳಿಂದಲೂ ಬಲವಾಗಿ, ಒಂದೇ ಬಗೆಯಲ್ಲಿ ಮರಳಿಸುತ್ತದೆ. ಇಂಥ ಎಲೆಯ ಪ್ರತಿಕೃತಿಯನ್ನು ಇರಿಸಿದಾಗ ಬಾವಲಿಗಳು ಆಹಾರ ಹುಡುಕುವ ಸಮಯ ಅರ್ಧಕ್ಕಿಳಿಯಿತೆಂದು ರಾಲ್ಫ್ ಸೈಮನ್ ಮತ್ತು ಸಂಗಡಿಗರು 2011ರಲ್ಲಿ ‘ಸೈನ್ಸ್’ ನಿಯತಕಾಲಿಕದಲ್ಲಿ ವರದಿ ಮಾಡಿದರು. 2020ರಲ್ಲಿ ಸೈಮನ್ ಮತ್ತವರ ತಂಡ, ಇಂಥ ಹೂಗಳಿಂದ ಪ್ರೇರಿತವಾದ ಪ್ರತಿಫಲಕಗಳು ಸೋನಾರ್ ಹೊತ್ತ ರೋಬೊಟ್‌ಗೂ ದಾರಿಗುರುತಾಗಬಲ್ಲವೆಂದು ತೋರಿಸಿತು.

ಹೊಗೆ, ದೂಳು, ಕತ್ತಲೆಗಳಲ್ಲಿ ಕ್ಯಾಮೆರಾ ಸೋಲುತ್ತದೆ. ಸೋನಾರ್ ಅಲ್ಲಿಯೂ ಕೆಲಸ ಮಾಡಬಲ್ಲದಾದರೂ ಗೋಡೆ, ಕಂಬ, ಪೆಟ್ಟಿಗೆಗಳ ಪ್ರತಿಧ್ವನಿಗಳು ಒಂದರೊಳಗೊಂದು ಬೆರೆತು ಗೊಂದಲವಾಗುತ್ತದೆ. ಈ ಗದ್ದಲದ ನಡುವೆ ಪ್ರತಿಫಲಕದ ದನಿ ಪ್ರತ್ಯೇಕವಾಗಿ ಕೇಳಿಸುತ್ತದೆ. ಅದಕ್ಕೆ ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇಲ್ಲಿ ದೀಪಸ್ತಂಭದ ನೆನಪಾಗುತ್ತದೆ. ಒಂದು ಹಡಗು ಅದರ ಬೆಳಕನ್ನು ಬಳಸಿದರೆ ಮತ್ತೊಂದಕ್ಕೆ ಕಡಿಮೆಯಾಗದು. ಹಾಗಾಗಿ ಅದು ಸಾರ್ವಜನಿಕ ಸರಕಿನ ಪಠ್ಯಪುಸ್ತಕದ ಉದಾಹರಣೆ. ಬ್ರಿಟನ್ನಿನಲ್ಲಿ ಖಾಸಗಿಯವರೂ ದೀಪಸ್ತಂಭ ನಡೆಸುತ್ತಿದ್ದರೆಂದು ರೊನಾಲ್ಡ್ ಕೋಸ್ 1974ರಲ್ಲಿ ತೋರಿಸಿಕೊಟ್ಟರು, ನಿಜ. ಆದರೆ ಬಂದರುಗಳಲ್ಲಿ ಶುಲ್ಕ ವಸೂಲಿ ಮಾಡುವ ಹಕ್ಕನ್ನು ಅವರಿಗೆ ಕೊಟ್ಟದ್ದು ಪ್ರಭುತ್ವವೇ. ರೋಬೊಟ್‌ಗಳ ದಾರಿಗುರುತಿಗೂ ಈ ಮಾತು ಅನ್ವಯಿಸುತ್ತದೆ. ಪ್ರತಿ ಕಂಪನಿಯೂ ತನ್ನದೇ ಗುಪ್ತ ಗುರುತು ನೆಟ್ಟರೆ ಉಳಿದವರಿಗೆ ಅದು ಬರಿಯ ಅಡಚಣೆ. ಸರ್ವರಿಗೂ ತೆರೆದ ಮಾನಕವೊಂದನ್ನು ಸರ್ಕಾರ ಮೊದಲೇ ರೂಪಿಸುವುದು ವಿವೇಕ.

ಇದಕ್ಕಿಂತ ದೊಡ್ಡ ಪಾಠವೂ ಇದರಲ್ಲಿದೆ. ಪ್ರಯಾಣಿಕನನ್ನು ಚುರುಕುಗೊಳಿಸುವುದಕ್ಕಿಂತ ದಾರಿಯನ್ನು ಸುಗಮಗೊಳಿಸುವುದು ಹಲವು ವೇಳೆ ಅಗ್ಗ. ಸೇವೆಯಲ್ಲಿದ್ದಾಗ ಯಂತ್ರ ಖರೀದಿಯ ಕಡತಗಳಿಗೆ ನಾನು ಬೇಗ ಸಹಿ ಹಾಕಿದ್ದುಂಟು; ಫಲಕ, ಪಾದಚಾರಿ ಮಾರ್ಗಗಳ ಕಡತಗಳನ್ನು ಮುಂದಿನ ವರ್ಷಕ್ಕೆ ದೂಡಿದ್ದೂ ಉಂಟು. ಉದ್ಘಾಟನೆಗೆ ಯಂತ್ರ ಒದಗುತ್ತದೆ, ದಾರಿಗುರುತು ಒದಗುವುದಿಲ್ಲ.

ನಾಲಿಗೆ ಚಿಟಕಿಸಿ, ಮರಳಿದ ದನಿಯಿಂದಲೇ ಸುತ್ತಲನ್ನು ಅರಿಯುವ ಅಂಧರು ನಮ್ಮ ನಡುವೆಯೇ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವರಿಗೆ ಸುಗಮ ಸಂಚಾರದ ಭರವಸೆ ನೀಡಿದೆ. ಆದರೂ ಅವರ ಪಾದಕ್ಕೆ ದಾರಿ ತೋರಬೇಕಾದ ಉಬ್ಬು ಹಾಸುಗಲ್ಲು ಎಷ್ಟೋ ಕಡೆ ಕಂಬಕ್ಕೋ ಗುಂಡಿಗೋ ಒಯ್ದು ಮುಟ್ಟಿಸುತ್ತದೆ. ಯಂತ್ರಕ್ಕೆ ದಾರಿಗುರುತು ನೆಡಲು ಹೊರಡುವ ನಗರ, ಮನುಷ್ಯನಿಗೆ ನೆಟ್ಟ ಗುರುತನ್ನು ಮೊದಲು ಸರಿಪಡಿಸಲಿ.